ರೌಟರಿಗೆ ಅಮಾವಾಸ್ಯೆ ಪೂಜೆ

"ಹಲೋ... ಹಲೋ ಸರ್! ಕೇಳಿಸ್ತಿದೆಯಾ? ಹಲೋ!"

ಎಲ್ಲಿ ಕೇಳಿಸಬೇಕು? ಪುಣೆಯ ಧನಕವಡಿಯ ಆ ಎರಡು ಕೋಣೆಯ ಮನೆಯಲ್ಲಿ, ದೇವರ ಪಟದ ಪಕ್ಕ ಕೂತಿದ್ದ ರೌಟರಿನ ಹಸಿರು ದೀಪ ಕೆಂಪಾಗಿತ್ತು. ಅತ್ತ ಎಟಿಎಂ ಕಾರ್ಡ್ ಕಳೆದುಕೊಂಡ ಗ್ರಾಹಕ, ಇತ್ತ ಹೆಡ್‌ಫೋನ್ ಹಾಕಿಕೊಂಡ ಶಿವಕಾಂತಾ. ನಡುವೆ ಕರೆಯೇ ಇಲ್ಲ!

ಮೊಬೈಲಿಗೆ ಮೇಲಧಿಕಾರಿ ಪ್ರಾಚಿಯ ಸಂದೇಶ ಬಂತು. 'ಇದು ಎರಡನೇ ಸಲ. ಪ್ರೊಬೇಷನ್ ಮುಗಿಯಲು ಇನ್ನು ಇಪ್ಪತ್ತು ದಿನ. ಇನ್ನೊಮ್ಮೆ ಕಾಲ್ ಕಟ್ ಆದರೆ ನಿಮ್ಮ ಕೆಲಸ ಖಾಯಂ ಆಗುವುದಿಲ್ಲ.'

ಕಲಬುರಗಿ ಕಡೆಯಿಂದ ಬಂದು, ಪುಣೆಯ ಕಟ್ಟಡಗಳಿಗೆ ಗಾರೆ ಹಚ್ಚುತ್ತಲೇ ಮಗಳನ್ನು ಬಿ.ಎ. ಓದಿಸಿದ ಅಪ್ಪ ಅವ್ವಣ್ಣನ ಮನೆಯಲ್ಲಿ, ಕುರ್ಚಿಯ ಮೇಲೆ ಕೂತು ಮಾಡುವ ಮೊದಲ ಕೆಲಸ ಇದು. ಬ್ಯಾಂಕಿನ ಗ್ರಾಹಕರಿಗೆ ಮನೆಯಿಂದಲೇ ಕನ್ನಡದಲ್ಲಿ ಉತ್ತರಿಸುವ ಕೆಲಸ. ಅದನ್ನು ಈ ಅಗ್ಗದ ಡಬ್ಬಿ ನುಂಗಿ ನೀರು ಕುಡಿಯಬೇಕೇ? ಶಿವಕಾಂತಾಳಿಗೆ ಅಳು ಬರುವ ಮೊದಲೇ ಸಿಟ್ಟು ಬಂತು. ಹುಡುಗಿ ಹುಟ್ಟಿದ್ದೇ ಹಾಗೆ.

ಅರ್ಧ ಗಂಟೆಗೆ ಇಂಟರ್ನೆಟ್ ಆಫೀಸಿನವನು ಬಂದ. ಕೊರಳಿನ ಗುರುತಿನ ಚೀಟಿಯಲ್ಲಿ 'ದತ್ತು' ಎಂದಿತ್ತು. ಮರಾಠಿಯವನೇ ಇರಬೇಕೆಂದುಕೊಂಡ ಶಿವಕಾಂತಾ ಮರಾಠಿಯಲ್ಲೇ ಅವನ ಬೆವರಿಳಿಸಿದಳು. ಸಾಲದ್ದಕ್ಕೆ ಅವ್ವನ ಕಡೆ ತಿರುಗಿ ಕನ್ನಡದಲ್ಲಿ, "ಇವನ ಮಾರಿ ನೋಡವ್ವಾ! ಇವ ಮುಟ್ಟಿದ್ರ ತಿರಗೋ ಫ್ಯಾನೂ ನಿಂದರ್ತದ!" ಎಂದಳು.

"ನಿಂದರಂಗಿಲ್ರಿ," ಎಂದ ದತ್ತು. "ಆಳಂದದಾಗ ನಮ್ಮ ಮನಿ ಫ್ಯಾನ್ ನಾನೇ ರಿಪೇರಿ ಮಾಡೀನಿ. ಇನ್ನೂ ತಿರಗಲತ್ತದ."

ಅಯ್ಯಯ್ಯೋ! ಶಿವಕಾಂತಾಳ ಕಿವಿಯವರೆಗೂ ಬಿಸಿಯಾಯಿತು.

"ಕನ್ನಡ ಬರ್ತದಂತ ಮೊದಲೇ ಹೇಳಬಾರದೇನ್ರಿ?"

"ಬೈಯೋದು ಮುಗೀಲಿ ಅಂತ ನಿಂತಿದ್ದೆ."

ನಗು ತಡೆಯಲಾಗದೆ ಅವಳು ಪ್ರಾಚಿಗೆ ಫೋನ್ ಮಾಡುವ ನೆಪದಲ್ಲಿ ಹೊರಗೆ ಹೋದಳು. ಆಗ ಒಳಗೆ ನಡೆದದ್ದು ಅವಳಿಗೆ ಗೊತ್ತಾಗಲು ಬಹಳ ದಿನ ಬೇಕಾಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ದತ್ತು ಸ್ಕ್ರೂ ಬಿಚ್ಚಿ ರೌಟರ್ ತೆರೆದರೆ, ಒಳಗೆ ಕುಂಕುಮ! ನಾಲ್ಕು ಅಕ್ಕಿಕಾಳು, ಒಣಗಿದ ನೀರಿನ ಕಲೆ!

ಶಿವಕಾಂತಾಳ ಅವ್ವನ ಮುಖ ಸಣ್ಣದಾಯಿತು. "ಅವರಪ್ಪ ಪ್ರತಿ ಅಮಾಸಿಗಿ ತನ್ನ ಕರಣಿ ತೊಳದು ಪೂಜಾ ಮಾಡ್ತಾನ ನೋಡಪ್ಪ, ಗಾರಿ ಕೆಲಸದಾಗ ಅದೇ ನಮಗ ಅನ್ನ ಹಾಕೇದ. ಮಗಳಿಗಿ ಅನ್ನ ಹಾಕೋದು ಈ ಡಬ್ಬಿ ಅಲ್ಲೇನು? ಅದಕ ನಾನೂ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿದೆ... ನನ್ನಿಂದಲೇ ಹಿಂಗಾತಂತ ಅಕಿಗಿ ಹೇಳಬ್ಯಾಡ ತಮ್ಮಾ!"

"ಹೇಳಂಗಿಲ್ರಿ ಅವ್ವಾರ. ಆದ್ರ ಇನ್ನ ನೀರು ಹಾಕಬ್ಯಾಡ್ರಿ. ಮೊದಲೇ ಸೋವಿ ಮಾಲು, ಬರೇ ಸೆಕಿನೇ ತಡಿಯಂಗಿಲ್ಲ ಇದು."

ಶಿವಕಾಂತಾ ಒಳಗೆ ಬಂದಾಗ ಅವನು ಬೇರೆ ರೌಟರನ್ನು ಕಿಟಕಿಯ ಹತ್ತಿರ ಕೂಡಿಸುತ್ತಿದ್ದ.

"ತಪ್ಪು ನಂದೇ ರಿ. ಈ ಡಬ್ಬಿ ಆಫೀಸಿನಿಂದ ಕಳಸೋವಾಗ ನಾನೇ ನೆಟ್ಟಗ ನೋಡಿದ್ದಿಲ್ಲ."

ಏನು? ಇವನ ಅಜಾಗರೂಕತೆಗೆ ನನ್ನ ಕೆಲಸ ಬಲಿಯಾಗಬೇಕಿತ್ತಾ? ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ಆಫೀಸಿಗೆ ದೂರು ಹೋಗಿಯಾಗಿತ್ತು.

ಮರುದಿನ ಕೆಲಸ ಶುರುವಾಗುವ ಮೊದಲು ದತ್ತುವಿನದೇ ಫೋನ್ ಬಂತು.

"ಹಸಿರು ದೀಪ ಅದ ಏನ್ರಿ?"

"ಅದ," ಎಂದು ಕುಕ್ಕಿದಂತೆ ಹೇಳಿ ಇಟ್ಟಳು.

ಅದರ ಮರುದಿನವೂ ಬಂತು, ಆಮೇಲೆ ದಿನಾ ಬಂತು. ಈ ಜಾತಿಯ ರೌಟರ್ ಕಾದರೆ ನಿಂತುಬಿಡುತ್ತದೆ, ಬೆಳಿಗ್ಗೆ ಒಮ್ಮೆ ಆರಿಸಿ ಹಚ್ಚಬೇಕು, ಮೇಲೆ ಬಟ್ಟೆ ಹೊದಿಸಬಾರದು... ಹೀಗೇ ಮಾತು ಬೆಳೆಯಿತು. ಒಂದು ವಾರಕ್ಕೆ ಆಳಂದದ ಅವನ ತಂಗಿಯ ಹೆಸರು ಅವಳಿಗೆ ಬಾಯಿಪಾಠ. ಹತ್ತು ದಿನಕ್ಕೆ, ಫೋನ್ ಬರುವ ಮೊದಲೇ ಅವಳು ಕನ್ನಡಿ ನೋಡಿಕೊಳ್ಳತೊಡಗಿದ್ದಳು. ಫೋನಿನಲ್ಲಿ ಮುಖ ಕಾಣುತ್ತದೆಯೇ? ಹುಚ್ಚು ಹುಡುಗಿ!

ಹದಿನಾರನೇ ದಿನ ಫೋನ್ ಬರಲಿಲ್ಲ. ಹದಿನೇಳಕ್ಕೂ ಇಲ್ಲ. ಅವಳೇ ಆಫೀಸಿಗೆ ಮಾಡಿದಳು.

"ನಿಮ್ಮ ದೂರಿನ ಮೇಲೇ ಅಲ್ವಾ ಮೇಡಂ, ಅವನನ್ನು ಕೋಥರೂಡ ಏರಿಯಾಕ್ಕೆ ಹಾಕಿದ್ದು?" ಎಂದ ಅಲ್ಲಿನ ಓಂಕಾರ್. "ನಿಮಗೆ ಫೋನ್ ಮಾಡಬಾರದು ಅಂತಲೂ ಹೇಳಿದ್ದಾರೆ."

ಶಿವಕಾಂತಾ ಫೋನ್ ಇಟ್ಟಳು. ತಪ್ಪು ಅವನದೇ ಅಲ್ಲವೇ? ಅವನೇ ಒಪ್ಪಿಕೊಂಡನಲ್ಲ! ಹಾಗಾದರೆ ಈ ಅಳು ಯಾಕೆ ಬರುತ್ತಿದೆ?

ಪ್ರೊಬೇಷನ್ನಿನ ಕೊನೆಯ ದಿನ ಬಂತು. ಅಂದು ಅಮಾವಾಸ್ಯೆ.

ಮಧ್ಯಾಹ್ನ ಸಾಲದ ಕಂತಿನ ಬಗ್ಗೆ ಒಬ್ಬ ಅಜ್ಜ ಕೇಳುತ್ತಿದ್ದರು. ಶಿವಕಾಂತಾ ತಲೆ ಎತ್ತಿದರೆ, ಅವ್ವ ತಾಮ್ರದ ತಂಬಿಗೆ ಹಿಡಿದು, ಕಣ್ಣು ಮುಚ್ಚಿ ರೌಟರಿನ ಮುಂದೆ ನಿಂತಿದ್ದಾಳೆ! ಬೆರಳು ನೀರಿಗೆ ಅದ್ದಿಯಾಗಿದೆ!

ಕೂಗುವಂತಿಲ್ಲ. ಅಜ್ಜ ಕೇಳುತ್ತಿದ್ದಾರೆ!

"ಖಂಡಿತ ಸರ್... ನಿಮ್ಮ ಕಂತು ಜಮಾ ಆಗಿದೆ ಸರ್..." ಎನ್ನುತ್ತಲೇ ಅವಳು ಎಡಗೈ ಚಾಚಿ ಅವ್ವನ ಮಣಿಕಟ್ಟು ಹಿಡಿದಳು. ತಂಬಿಗೆಯ ನೀರೆಲ್ಲ ಅವಳ ತೊಡೆಯ ಮೇಲೆ ಸುರಿಯಿತು. "ಇನ್ನೇನಾದರೂ ಸಹಾಯ ಬೇಕಿತ್ತಾ ಸರ್?"

ಬೇಡ ಎಂದರು ಅಜ್ಜ. ಕರೆ ಪೂರ್ತಿಯಾಯಿತು.

"ಅವ್ವಾ! ಇದೇನು ಮಾಡ್ಲತ್ತಿದ್ದಿ?"

ಅವ್ವ ಅಲ್ಲೇ ಕೂತುಬಿಟ್ಟಳು. "ಆ ಹುಡುಗ ಬ್ಯಾಡಂದಿದ್ದ ತಂಗಿ... ಇವತ್ತ ನಿಂದು ಕಡೀ ದಿನ ಅಂತ ಮನಸ್ಸು ತಡೀಲಿಲ್ಲ. ಮೊದಲಿನ ಡಬ್ಬಿ ಕೆಡಿಸಿದ್ದೂ ನಾನೇ. ನನ್ನ ಸಲುವಾಗಿ ಅವ ತಪ್ಪು ತನ್ನ ಮ್ಯಾಲ ಹಾಕ್ಕೊಂಡ."

ಶಿವಕಾಂತಾ ಬೈಯಲಿಲ್ಲ. ಅವ್ವನ ಕಣ್ಣೊರೆಸಿ, ಮತ್ತೆ ಹೆಡ್‌ಫೋನ್ ಹಾಕಿಕೊಂಡು ಸಂಜೆಯವರೆಗೆ ಒಂದು ಕರೆಯನ್ನೂ ಬಿಡದೆ ಮುಗಿಸಿದಳು. ಐದಕ್ಕೆ ಪ್ರಾಚಿಯ ಸಂದೇಶ ಬಂತು. 'ಅಭಿನಂದನೆ. ಕೆಲಸ ಖಾಯಂ.' ಐದೂಕಾಲಿಗೆ ಅವಳು ಕೋಥರೂಡದ ಬಸ್ಸಿನಲ್ಲಿದ್ದಳು.

ಓಂಕಾರ್ ಫೋನಿನಲ್ಲಿ ಹೇಳಿದ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ದತ್ತು ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ನಿಂತಿದ್ದ. ಅವಳನ್ನು ಕಂಡು ಗಾಬರಿಯಾದ.

"ನೆಟ್ ಹೋಯ್ತೇನ್ರಿ?"

"ನೆಟ್ ಚಲೋ ಅದ. ಕೆಲಸನೂ ಖಾಯಂ ಆತು. ಅವ್ವ ಎಲ್ಲಾ ಹೇಳ್ಯಾಳ. ಯಾಕ ಸುಳ್ಳು ಹೇಳಿದ್ರಿ?"

"ಅವ್ವಾರಿಗಿ ಮಾತು ಕೊಟ್ಟಿದ್ದೆ."

"ನನ್ನ ಕೆಲಸ ಹೋಗಿದ್ರ?"

ದತ್ತು ತಲೆ ತಗ್ಗಿಸಿದ. "ಅದೇ ಹೆದರಿಕಿಗಿ ದಿನಾ ಫೋನ್ ಮಾಡ್ತಿದ್ದೆ."

"ಅಷ್ಟಕ್ಕೇನಾ?"

"ಮೊದಲ ನಾಕು ದಿನ ಅಷ್ಟಕ್ಕೇ. ಆಮ್ಯಾಲ... ನಿಮ್ಮ ದನಿ ಕೇಳದೆ ಕೆಲಸಕ್ಕ ಕೈನೇ ಏಳ್ತಿದ್ದಿಲ್ಲ."

ಇಷ್ಟು ದಿನ ಕಾದದ್ದು ಇದಕ್ಕೇ ಎಂದು ಅವಳಿಗೆ ಅರ್ಥವಾಯಿತು. ಚೀಲದಿಂದ ಒಂದು ಕಾಗದ ತೆಗೆದು ಅವನ ಕೈಗಿಟ್ಟಳು.

"ನಿಮ್ಮ ಮಾಲಕರಿಗಿ ಬರದೀನಿ. ದೂರು ವಾಪಸ್. ಇನ್ನ ಬಾಯಿಲೆ ಹೇಳ್ತೀನಿ, ಕೇಳ್ರಿ. ನೀವಂದ್ರ ನಂಗ ಜೀವ. ಐತಾರ ನಿಮ್ಮ ಮನಿಯವ್ರನ್ನ ಕರ್ಕೊಂಡು ಬರ್ರಿ, ಅಪ್ಪಗ ನಾನೇ ಹೇಳ್ತೀನಿ."

ದತ್ತುವಿನ ಹೆಗಲಿನಿಂದ ವೈರಿನ ಸುರುಳಿ ಜಾರಿ ಕೆಳಗೆ ಬಿತ್ತು.

"ಆದ್ರ ಒಂದು ಶರ್ತ. ಇನ್ನ ಮ್ಯಾಲ ಯಾರ ಸಲುವಾಗಿನೂ ನನ್ನ ಮುಂದ ಸುಳ್ಳು ಹೇಳಬಾರದು."

"ಹೇಳಂಗಿಲ್ಲ."

"ಹಂಗಾದ್ರ ಖರೇ ಹೇಳ್ರಿ. ಹೆದರಿಕಿ ಆಗ್ಲತ್ತದ?"

"ಭಾಳ ಆಗ್ಲತ್ತದ," ಎಂದ ದತ್ತು, ಕಣ್ಣು ತುಂಬಿಕೊಂಡು ನಗುತ್ತಾ.

ಶಿವಕಾಂತಾ ಅವನ ಕೈ ಹಿಡಿದಳು.

"ನಂಗೂ."