ಹನ್ನೊಂದು ಇಪ್ಪತ್ತರ ಕೆಂಪು ಗೆರೆ

ಮೊದಲೇ ಹೇಳಿಬಿಡುತ್ತೇನೆ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ಓದಲು ಹೊರಟಿರುವುದು ಸಾಮಾನ್ಯ ಮನುಷ್ಯನ ಕಥೆಯಲ್ಲ. ಇಪ್ಪತ್ತಾರು ವಿಜ್ಞಾನಿಗಳು ಏಳು ವರ್ಷ ಕೂತು ಮಾಡಿದ ಯಂತ್ರ ಕೈಚೆಲ್ಲಿದಾಗ, ತುಂಗಭದ್ರೆಯ ಸೇತುವೆಯ ನಟ್ಟನಡುವೆ, ಐವತ್ತೆರಡು ಪ್ರಯಾಣಿಕರ ಎದುರು, ಒಂದೇ ಮಾತಿನಲ್ಲಿ ಕೆಂಪು ಗೆರೆಯನ್ನು ಹಸಿರು ಮಾಡಿದ ಗಂಡು ನಾನು. ಹೆಸರು ತಿಪ್ಪೇಶ. ವಯಸ್ಸು ಇಪ್ಪತ್ನಾಲ್ಕು. ಡ್ರೈವರ್ ಹಾಲಮ್ಮಕ್ಕನ ಸ್ಟೇರಿಂಗ್ ಉಳಿದದ್ದು ಯಾರಿಂದ ಎಂದು ದಾವಣಗೆರೆಯ ನಮ್ಮ ಬಸ್ ಡಿಪೋದಲ್ಲಿ ಯಾರನ್ನು ಬೇಕಾದರೂ ಕೇಳಿ. ಹಾಲಮ್ಮಕ್ಕನನ್ನು ಮಾತ್ರ ಕೇಳಬೇಡಿ.

ಬೆಳಗಿನ ಐದೂವರೆಗೆ ನಮ್ಮ ಡಿಪೋಗೆ ಬಂದರೆ ಯಂತ್ರ ಕೆಲಸ ಮಾಡುವುದನ್ನು ನೋಡಬಹುದು. ಗೋಡೆಗೆ ಸಾಲಾಗಿ ಗೂಟಗಳು, ಒಂದೊಂದು ಗೂಟದ ಮೇಲೆ ಒಂದೊಂದು ಹೆಸರು, ಹೆಸರಿನ ಕೆಳಗೆ ಕೈಗಡಿಯಾರದ ಬೆಲ್ಟಿನಷ್ಟು ಅಗಲದ ಕಪ್ಪು ಪಟ್ಟಿ. ಇದಕ್ಕೆ ದುಗುಡಪಟ್ಟಿ ಎಂದು ಹೆಸರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಕೊನೆಗೆ ಗೇಟು ಕಾಯುವವನೂ ತನ್ನ ಗೂಟದ ಪಟ್ಟಿಯನ್ನು ತೆಗೆದು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಪಟ್ಟಿ ನಾಡಿಯನ್ನು ಎಣಿಸುತ್ತದೆ, ಬೆವರನ್ನು ಅಳೆಯುತ್ತದೆ, ಉಸಿರು ಉದ್ದವೋ ಗಿಡ್ಡವೋ ಎಂದು ನೋಡುತ್ತದೆ. ಇವನ್ನೆಲ್ಲ ಕೂಡಿಸಿ ಒಂದು ಗೆರೆಯಾಗಿ ಆಫೀಸಿನ ಗೋಡೆಯ ಗೆರೆಹಲಗೆಗೆ ಕಳಿಸುತ್ತದೆ. ಹಸಿರಾದರೆ ನಿರಾಳ. ಹಳದಿಯಾದರೆ ಎಚ್ಚರ. ಡ್ರೈವರ ಗೆರೆ ಕೆಂಪಾದರೆ ಬಸ್ಸೇ ತನ್ನಷ್ಟಕ್ಕೆ ವೇಗ ತಗ್ಗಿಸಿ ನಿಲ್ಲುತ್ತದೆ.

ಡ್ರೈವರೇ ಇಲ್ಲದ ಬಸ್ಸುಗಳೂ ಹಿಂದೆ ಬಂದಿದ್ದವು. ರಸ್ತೆಗೆ ಅಡ್ಡ ಮಲಗಿದ್ದ ಒಂದು ಎಮ್ಮೆಯ ಮುಂದೆ ಆರು ಬಸ್ಸುಗಳು ಮೂರು ಗಂಟೆ ವಿನಯದಿಂದ ನಿಂತ ಮೇಲೆ ಜನ ಡ್ರೈವರುಗಳನ್ನು ವಾಪಸ್ಸು ಕೇಳಿದರು. ಕೊಟ್ಟರು, ಆದರೆ ಕೈಗೆ ಪಟ್ಟಿ ಕಟ್ಟಿ ಕೊಟ್ಟರು.

ಪಟ್ಟಿಗಳನ್ನು ಚಾರ್ಜ್ ಮಾಡಿ, ಒರೆಸಿ, ಗೂಟಕ್ಕೆ ಹಾಕುವುದು ನನ್ನ ಕೆಲಸ. ಅವು ಬಂದದ್ದು ಆಯುಧಪೂಜೆಯ ವಾರ. ನಮ್ಮವರಿಗೆ ಯಂತ್ರ ಅಂದ ಮೇಲೆ ಯಂತ್ರ. ಬಸ್ಸುಗಳ ಜೊತೆಗೆ ಪಟ್ಟಿಗಳಿಗೂ ವಿಭೂತಿ ಎಳೆದು ಕುಂಕುಮ ಇಟ್ಟರು. ನೂರ ನಲವತ್ತು ಪಟ್ಟಿ ಒರೆಸುವಷ್ಟರಲ್ಲಿ ನನ್ನ ಬೆರಳುಗಳೇ ಕೆಂಪಾಗಿದ್ದವು.

ಮೊದಲ ಎರಡು ವಾರ ಬರೀ ಪರೀಕ್ಷೆ. ಗೆರೆಹಲಗೆಯನ್ನು ಪರದೆ ಹಾಕಿ ಮುಚ್ಚಿದ್ದರು. ಗೆರೆಗಳನ್ನು ನೋಡುತ್ತಿದ್ದವನು ನಾನೊಬ್ಬನೇ. ಮೂರನೆಯ ವಾರದ ಸೋಮವಾರದಿಂದ ನಿಯಮ ಜಾರಿಗೆ ಬಂತು. ಐದು ನಿಮಿಷ ಬಿಡದೆ ಕೆಂಪಿದ್ದರೆ ಒಂದು ದಾಖಲೆ. ವಾರದಲ್ಲಿ ಮೂರು ದಾಖಲೆಯಾದರೆ ಡ್ರೈವರು ಆರು ತಿಂಗಳು ಸ್ಟೇರಿಂಗ್ ಮುಟ್ಟುವಂತಿಲ್ಲ. ಡ್ರೈವರಲ್ಲದವರು ನಿರಾಳ ಕೋಣೆಗೆ ಹೋಗಿ, ಮನಸ್ಸಿನಲ್ಲಿ ಏನಿದೆ ಎಂದು ಒಬ್ಬ ಆಪ್ತ ಸಲಹೆಗಾರರ ಮುಂದೆ ಹೇಳಬೇಕು. ಆ ಕೋಣೆಯಲ್ಲಿ ಇಡೀ ದಿನ ಹಳ್ಳ ಹರಿಯುವ ಸದ್ದು ಕೇಳಿಸುತ್ತಾರೆ. ಹೋಗಿ ಬಂದವರೆಲ್ಲ ನೇರ ಮೂತ್ರಾಲಯಕ್ಕೆ ಓಡಿದ್ದನ್ನು ಬಿಟ್ಟರೆ ಬೇರೆ ಪರಿಣಾಮ ಕಾಣಲಿಲ್ಲ.

ಜಾರಿಗೆ ಬಂದ ಮೊದಲ ದಿನವೇ, ಹನ್ನೊಂದು ಇಪ್ಪತ್ತಕ್ಕೆ, ಒಂದು ಗೆರೆ ಕೆಂಪಗಾಯಿತು. ಹಾಲಮ್ಮ ಅವರ ಗೆರೆ.

ಡಿಪೋ ಬೆಚ್ಚಿತು. ಹಾಲಮ್ಮಕ್ಕ ಇಪ್ಪತ್ತೊಂಬತ್ತು ವರ್ಷದಿಂದ ರಾಣೆಬೆನ್ನೂರು ರೂಟಿನ ಡ್ರೈವರು. ಟೈರು ಸಿಡಿದರೂ ಬಾಯಲ್ಲಿನ ಹುಣಸೆಹಣ್ಣಿನ ಮಿಠಾಯಿಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ತಳ್ಳುವುದು ಬಿಟ್ಟರೆ ಬೇರೇನೂ ಮಾಡದ ಹೆಂಗಸು. ನಿವೃತ್ತಿಗೆ ಐದು ತಿಂಗಳಿತ್ತು. ಆರು ತಿಂಗಳು ಸ್ಟೇರಿಂಗ್ ಇಲ್ಲ ಎಂದರೆ ಇನ್ನೆಂದೂ ಇಲ್ಲ.

ಮಂಗಳವಾರ ಗೆರೆ ಹಸಿರಾಗಿತ್ತು. ಬುಧವಾರ ಮತ್ತೆ ಹನ್ನೊಂದು ಇಪ್ಪತ್ತು, ಮತ್ತೆ ಕೆಂಪು. ಎರಡನೆಯ ದಾಖಲೆ.

"ಏನ್ಲೇ ತಿಪ್ಪ, ನನ್ನ ಗೆರಿ ಕೆಂಪಾಗೈತಂತೆ?" ಸಂಜೆ ಪಟ್ಟಿ ಬಿಚ್ಚಿ ಕೊಡುತ್ತ ಹಾಲಮ್ಮಕ್ಕ ಕೇಳಿದಳು. "ಸೇತುವಿ ಮ್ಯಾಲೆ ಬಸ್ಸು ಗಕ್ಕಂತ ನಿಂತ್ಕಂತು. ನಾನು ಚೆನ್ನಾಗೇ ಅದೀನಲ್ಲಲೇ."

"ಅಕ್ಕಾ!" ನಾನು ಎದೆ ಮುಟ್ಟಿಕೊಂಡೆ. "ಬಾಯಿ ಸುಳ್ಳು ಹೇಳಬಹುದು, ಎದೆ ಸುಳ್ಳು ಹೇಳಲ್ಲ! ಬಡಿದ್ರೆ ಅದು ನಗಾರಿ, ನಿಂತ್ರೆ ಅದು ಸಮಾಧಿ!"

"ಸಾಕು ನಿನ್ನ ಪಿಚ್ಚರು." ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ನೀನು ರಾತ್ರಿ ಎಷ್ಟ್ ತಾಸು ಮಲಗ್ತೀಯ?"

"ಹುಲಿ ಮಲಗಲ್ಲ ಅಕ್ಕಾ, ಕಣ್ಣು ಮುಚ್ಚಿ ಕಾಯುತ್ತೆ."

"ಹುಲಿಗೆ ಕಣ್ಣಿನ ಕೆಳಗೆ ಇಷ್ಟು ಕಪ್ಪು ಇರಲ್ಲ" ಎಂದು ಹೇಳಿ ಹೋದಳು.

ಗುರುವಾರ ಬೆಂಗಳೂರಿನಿಂದ ಡಾ. ಯಶೋಧರಾ ಬಂದರು. ಪಟ್ಟಿಯನ್ನು ಮಾಡಿದ ಇಪ್ಪತ್ತಾರು ಜನರಲ್ಲಿ ಒಬ್ಬರು. ಆ ದಿನ ಬೆಳಗಿನಿಂದ ಊಟದ ಹೊತ್ತಿನವರೆಗೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಯಂತ್ರ ತಪಾಸಣೆ ಮಾಡಿದರು. ಅಂದು ಹನ್ನೊಂದು ಇಪ್ಪತ್ತಕ್ಕೆ ಗೆರೆ ಅಲುಗಲೇ ಇಲ್ಲ. ಯಂತ್ರದಲ್ಲಿ ತಪ್ಪಿಲ್ಲ ಎಂದು ತೀರ್ಮಾನಿಸಿ ಮಧ್ಯಾಹ್ನ ಹಾಲಮ್ಮಕ್ಕನನ್ನು ಕರೆಸಿದರು. ಡಿಪೋ ಮ್ಯಾನೇಜರ್ ರುದ್ರಮುನಿ ಸಾಹೇಬರೂ ಕೂತಿದ್ದರು.

"ಒತ್ತಡ ಅನ್ನೋದು ಕಾಯಿಲೆ ಅಲ್ಲ ಹಾಲಮ್ಮನವರೇ," ಮೇಡಂ ಶುರು ಮಾಡಿದರು. "ಅದು ದೇಹದ ಗಂಟೆ. ಎದುರಿಗೆ ಹುಲಿ ಬಂತು ಅನ್ಕೊಳ್ಳಿ. ಎದೆ ಜೋರಾಗಿ ಬಡ್ಕೊಳ್ಳುತ್ತೆ, ಉಸಿರು ಗಿಡ್ಡ ಆಗುತ್ತೆ, ಸ್ನಾಯು ಬಿಗಿಯುತ್ತೆ. ಓಡೋಕೆ ಅಥವಾ ಹೋರಾಡೋಕೆ ಅದು ಬೇಕು."

"ನಮ್ಮ ಡಿಪೋದಾಗೆ ಹುಲಿ ಇಲ್ಲ ಮೇಡಮ್ಮಾರೆ. ರುದ್ರಮುನಿ ಸಾಹೇಬ್ರು ಅದಾರೆ."

ಸಾಹೇಬರು ಫೈಲಿನೊಳಗೆ ಮುಖ ಹಾಕಿದರು. "ನಾನೇನ್ ಮಾಡ್ಲಿ ಹಾಲಮ್ಮ, ನಿಯಮ ಮೇಲಿಂದ ಬಂದೈತಿ."

"ಹುಲಿ ಹೋದ ಮೇಲೆ ಗಂಟೆ ನಿಲ್ಲಬೇಕು," ಮೇಡಂ ಮುಂದುವರಿಸಿದರು. "ಈಗಿನ ಕಾಲದ ಕಷ್ಟ ಏನಂದ್ರೆ ಹುಲಿ ಹೋಗೋದೇ ಇಲ್ಲ. ಫೋನಲ್ಲಿರುತ್ತೆ, ಮನೇಲಿರುತ್ತೆ, ತಲೇಲಿರುತ್ತೆ. ಗಂಟೆ ಹೊಡ್ಕೋತಾನೇ ಇದ್ರೆ ನಿದ್ದೆ ಹೋಗುತ್ತೆ, ಹಸಿವು ಹೋಗುತ್ತೆ, ಸಣ್ಣದಕ್ಕೂ ಸಿಟ್ಟು ಬರುತ್ತೆ. ಕೆಲವರಿಗೆ ಅತಿಯಾಗಿ ಮಾತು, ಅತಿಯಾಗಿ ನಗು."

"ಅದಕ್ಕೆ ಮದ್ದು?"

"ಉಸಿರನ್ನ ನಾಲ್ಕು ಎಣಿಸಿ ತಗೊಂಡು ಆರು ಎಣಿಸಿ ಬಿಡೋದು. ದಿನಾ ಅರ್ಧ ಗಂಟೆ ನಡಿಗೆ. ಹೊತ್ತಿಗೆ ಸರಿಯಾಗಿ ನಿದ್ದೆ. ಎಲ್ಲಕ್ಕಿಂತ ಮುಖ್ಯ, ನಂಬಿಕೆ ಇರೋ ಒಬ್ಬರ ಹತ್ರ ಹೇಳ್ಕೊಳ್ಳೋದು. ಹೇಳ್ವಾಗ ಉಸಿರು ತಾನೇ ಉದ್ದ ಆಗುತ್ತೆ. ಹೇಳಿ, ಹನ್ನೊಂದು ಇಪ್ಪತ್ತಕ್ಕೆ ಎಲ್ಲಿರ್ತೀರ?"

"ಹರಿಹರದ ಸೇತುವಿ ಮ್ಯಾಲೆ. ಕೆಳಗೆ ಹೊಳಿ. ತಣ್ಣಗೆ ಗಾಳಿ. ಇಡೀ ದಿನದಾಗೆ ನನಗೆ ಸೇರೋ ಜಾಗ ಅದೊಂದೇ."

ಮೇಡಂ ಕಣ್ಣು ಹೊಳೆಯಿತು. ವಿಜ್ಞಾನಿಗಳಿಗೆ ಸೇರುತ್ತದೆ ಎಂದರೆ ಹೆದರಿಕೆ, ಹೆದರಿಕೆ ಎಂದರೆ ಸೇರುತ್ತದೆ. ಸೇತುವೆಯ ಬಗ್ಗೆ ಆಕೆಗೇ ಗೊತ್ತಿಲ್ಲದ ಒಳಭಯವಿದೆ ಎಂದು ಬರೆದುಕೊಂಡರು. ಚಿಕ್ಕಂದಿನಲ್ಲಿ ನೀರಿಗೆ ಬಿದ್ದಿದ್ದಿರಾ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಹಾಲಮ್ಮಕ್ಕ, "ನಮ್ಮೂರ ಕೆರಿಗೆ ನಾನೇ ನಾಕ್ ಜನರನ್ನ ದಬ್ಬೀನಿ, ಅದು ನಡೀತದಾ?" ಎಂದಳು.

ಶುಕ್ರವಾರ ಬಸ್ಸಿನಲ್ಲೇ ಪರೀಕ್ಷೆ. ಮೇಡಂ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಚಿಕ್ಕ ಗೆರೆಹಲಗೆ. ಪಟ್ಟಿ ಏನಾದರೂ ಕೈಕೊಟ್ಟರೆ ಎಂದು ನನ್ನನ್ನೂ ಹತ್ತಿಸಿದ್ದರು. ನಾನು ಕೊನೆಯ ಸೀಟು. ಸೆಖೆ ಇದ್ದರೂ ತುಂಬುತೋಳಿನ ಅಂಗಿ ಹಾಕಿದ್ದೆ.

ಹನ್ನೊಂದು ಹದಿನೆಂಟಕ್ಕೆ ಸೇತುವೆ ಬಂತು. ಹಸಿರು. ಹನ್ನೊಂದು ಹತ್ತೊಂಬತ್ತು. ಹಸಿರು. ಹೊಳೆಯ ಗಾಳಿ ಒಳಗೆ ಬಂದು ಹೆಂಗಸರ ಸೆರಗುಗಳನ್ನು ಹಾರಿಸಿತು. ಹಾಲಮ್ಮಕ್ಕ ಮಿಠಾಯಿಯನ್ನು ಬಲಗೆನ್ನೆಗೆ ತಳ್ಳಿದಳು. ಹನ್ನೊಂದು ಇಪ್ಪತ್ತಕ್ಕೆ ಮೇಡಂ ಕೂಗಿದರು: "ಕೆಂಪು!"

ಬಸ್ಸು ತೆವಳಿ ನಿಂತಿತು. ಹಿಂದೆ ಹಾರ್ನು. ಒಳಗೆ ಗೊಣಗಾಟ. "ಏನಾತ್ರೀ, ಡ್ರೈವರಮ್ಮಗೆ ತಲಿ ಕೆಟ್ಟೈತಾ?" "ನನಗೆ ಕೋರ್ಟಿನಾಗೆ ಹನ್ನೆರಡಕ್ಕೆ ಕೇಸೈತಿ!"

"ಐದು ನಿಮಿಷ ದಾಟಿದ್ರೆ ಮೂರನೇ ದಾಖಲೆ," ಎಂದರು ಮೇಡಂ. "ಹಾಲಮ್ಮನವರೇ, ಉಸಿರು. ನಾಲ್ಕು ಎಣಿಸಿ. ಆರು ಬಿಡಿ."

ಹಾಲಮ್ಮಕ್ಕ ನಾಲ್ಕು ತೆಗೆದುಕೊಂಡಳು, ಆರು ಬಿಟ್ಟಳು. ಗೆರೆ ಇನ್ನೂ ಮೇಲೆ ಹೋಯಿತು. ಒಂದು ನಿಮಿಷ. ಎರಡು. ಮೇಡಂ ಮುಖದಲ್ಲಿ ಬೆವರು. ಏಳು ವರ್ಷದ ಸಂಶೋಧನೆ ಒಬ್ಬ ಹೆಂಗಸಿನ ಮುಂದೆ ಸೋಲುತ್ತಿತ್ತು. ಮೂರು ನಿಮಿಷ.

ಆಗ ಕೊನೆಯ ಸೀಟಿನಿಂದ ಒಬ್ಬ ಎದ್ದ. ನಿಧಾನ ಹೆಜ್ಜೆ, ಗಾಳಿಗೆ ಹಾರುವ ಕೂದಲು. ಬಸ್ಸಿನ ನಡುವೆ ನಿಂತು ತೋಳು ಮೇಲೆ ಸರಿಸಿ, ಒಂದೇ ಮಾತು ಹೇಳಿದ: "ಅಕ್ಕಾ, ಅದು ನಿನ್ನ ಗೆರೆಯಲ್ಲ. ನನ್ನದು!" ಐವತ್ತೆರಡು ಜನ ಚಪ್ಪಾಳೆ ತಟ್ಟಿದರು. ಕೆಂಪು ಹಸಿರಾಯಿತು.

ಸರಿ. ಚಪ್ಪಾಳೆ ಯಾರೂ ತಟ್ಟಲಿಲ್ಲ. ನಿಜವಾಗಿ ಏನಾಯಿತು ಎಂದು ಹೇಳುತ್ತೇನೆ.

ನಾನು ಏಳಲೇ ಇಲ್ಲ. ಕೈಯಲ್ಲಿ ಫೋನ್ ಹಿಡಿದು, ಕಣ್ಣು ಮುಚ್ಚಿ, ನಿದ್ದೆ ಬಂದವನಂತೆ ಕಿಟಕಿಗೆ ಒರಗಿದ್ದೆ. ಮೂರು ನಿಮಿಷವಾದಾಗ ಎದ್ದವಳು ಹಾಲಮ್ಮಕ್ಕ. ಸೀಟು ಬಿಟ್ಟು, ಜನರನ್ನು ಸರಿಸುತ್ತ ಹಿಂದಕ್ಕೆ ಬಂದು ನನ್ನ ಪಕ್ಕ ಕೂತಳು. ನನ್ನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಪಟ್ಟಿಯ ಕೊಂಡಿಯ ಸಂದಿನಲ್ಲಿ ಕುಂಕುಮವಿತ್ತು. ನೂರ ನಲವತ್ತು ಪಟ್ಟಿ ಒರೆಸಿದ್ದೆ, ಆ ಒಂದು ಸಂದನ್ನು ಬಿಟ್ಟಿದ್ದೆ.

"ಇದು ನಾನು ಇಟ್ಟ ಕುಂಕುಮ," ಎಂದಳು ಮೆಲ್ಲಗೆ. "ಸೋಮವಾರ ನನ್ನ ಗೂಟದಾಗೆ ಕುಂಕುಮ ಇಲ್ಲದ ಪಟ್ಟಿ ಇತ್ತು. ಗೂಟಕ್ಕೆ ಪಟ್ಟಿ ಹಾಕೋನು ನೀನೊಬ್ನೇ, ಅವತ್ತೇ ಗೊತ್ತಾತು. ನೀನೇ ಬಂದು ಹೇಳ್ತೀಯೇನೋ ಅಂತ ಕಾದೆ."

"ಸ್ಟೇರಿಂಗ್ ಹೋಗಿದ್ರೆ ಅಕ್ಕಾ?"

"ಹೋಗಿದ್ರೆ ನಿನ್ನ ಕಿವಿ ಹಿಡ್ಕಂಡು ತಿರುವ್ತಿದ್ದೆ. ಈಗ ಹೇಳು. ಏನೈತಿ ಹನ್ನೊಂದು ಇಪ್ಪತ್ತಕ್ಕೆ?"

ನಾನು ಒಂದು ಡೈಲಾಗ್ ಹುಡುಕಿದೆ. ಆಮೇಲೆ ಡೈಲಾಗ್ ಬಿಟ್ಟು ಇದ್ದದ್ದನ್ನೇ ಹೇಳಿದೆ.

ನಮ್ಮ ಅಪ್ಪ ರಾಣೆಬೆನ್ನೂರಿನಲ್ಲಿ ದರ್ಜಿ. ಮಂಗಳವಾರ ಅಂಗಡಿಗೆ ರಜೆ. ಬೇರೆ ದಿನ ಹನ್ನೊಂದು ಇಪ್ಪತ್ತಕ್ಕೆ ಹೊಲಿಗೆ ಯಂತ್ರ ನಿಲ್ಲಿಸಿ ಚಹಾ ಕುಡಿಯುತ್ತಾರೆ, ಫೋನ್ ಕೈಗೆತ್ತಿಕೊಳ್ಳುವುದು ಆಗ ಮಾತ್ರ. ಕಳೆದ ವರ್ಷ ಒಂದು ದಿನ ಇನ್ಸ್‌ಪೆಕ್ಟರ್ ದನಿಯಲ್ಲಿ ಫೋನ್ ಮಾಡಿ, ನಿಮ್ಮ ಮಗನಿಗೆ ಅಪಘಾತವಾಗಿದೆ, ಬೇಗ ದಾವಣಗೆರೆ ಆಸ್ಪತ್ರೆಗೆ ಬನ್ನಿ ಎಂದಿದ್ದೆ. ಐದು ನಿಮಿಷ ಬಿಟ್ಟು ನನ್ನ ದನಿಯಲ್ಲಿ ಮಾಡಿ ನಗುವುದಿತ್ತು. ಅಷ್ಟರಲ್ಲಿ ಅವರು ಫೋನನ್ನು ಅಂಗಡಿಯಲ್ಲೇ ಬಿಟ್ಟು ಬಸ್ಸು ಹತ್ತಿದ್ದರು. ಆಸ್ಪತ್ರೆಯ ವಾರ್ಡುಗಳನ್ನೆಲ್ಲ ಹುಡುಕಿ, ಸಂಜೆ ಡಿಪೋಗೆ ಬಂದು, ಮೆಕ್ಯಾನಿಕ್ಕುಗಳ ನಡುವೆ ಅದೇ ಇನ್ಸ್‌ಪೆಕ್ಟರ್ ದನಿ ಮಾಡಿ ತೋರಿಸುತ್ತಿದ್ದ ನನ್ನನ್ನು ನೋಡಿದರು. ಬೈಯಲಿಲ್ಲ. ತಿರುಗಿ ಹೋದರು. ಅಂದಿನಿಂದ ಅಂಗಡಿ ತೆರೆದಿರುವ ದಿನವೆಲ್ಲ ಅದೇ ಹೊತ್ತಿಗೆ ಫೋನ್ ಮಾಡುತ್ತೇನೆ, ಈ ಗುರುವಾರ ಮಾತ್ರ ಮೇಡಂ ಪಕ್ಕದಿಂದ ಏಳಲಾಗಲಿಲ್ಲ. ಎರಡನೆಯ ರಿಂಗಿಗೆ ಕತ್ತರಿಸುತ್ತಾರೆ.

ಹಾಲಮ್ಮಕ್ಕ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. "ಕುತ್ತಿಗ್ಯಾಗ ಅಳತಿ ಟೇಪು ಹಾಕ್ಕಂಡೇ ಬಸ್ಸು ಹತ್ತಿದ್ರು ಒಬ್ರು, ಹೋದ ವರ್ಷ, ಆಗ ಈ ಹೊತ್ತಿಗೆ ನಾನು ವಾಪಸ್ ಬರ್ತಿದ್ದೆ," ಎಂದಳು. "ಇಲ್ಲಿ ಸೇತುವಿ ಮ್ಯಾಲೆ, ಇನ್ನಾ ಸ್ವಲ್ಪ ಜೋರಾಗಿ ಓಡ್ಸಮ್ಮಾ ಅಂತ ಕೈಮುಗಿದ್ರು. ಅವರೇನ್ಲೇ ನಿಮ್ಮಪ್ಪ?"

ಹೌದೆಂದು ತಲೆಯಾಡಿಸಿದೆ.

"ಇಳೀತಿದೆ!" ಮುಂದಿನಿಂದ ಮೇಡಂ ಕೂಗಿದರು. "ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಇಳೀತು!" ಹಾಗೆಂದು ಡ್ರೈವರ್ ಸೀಟು ನೋಡಿದರು. ಖಾಲಿ. ಹಿಂದೆ ತಿರುಗಿದರು. ನಮ್ಮಿಬ್ಬರನ್ನೂ, ನನ್ನ ಕೈಯನ್ನೂ, ಮಡಿಲ ಹಲಗೆಯನ್ನೂ ಒಂದೊಂದಾಗಿ ನೋಡಿದರು. ಹಸಿರಾಯಿತು ಎಂದು ನಾನು ಕೊಚ್ಚಿಕೊಂಡೆನಲ್ಲ, ಅದೂ ಸುಳ್ಳು. ಹಳದಿಯಾಗಿತ್ತು.

ಇನ್ನೊಂದು ಉಳಿದಿದೆ. ತಮಾಷೆಗೆ ಪಟ್ಟಿ ಬದಲಿಸಿದೆ ಎಂದು ರುದ್ರಮುನಿ ಸಾಹೇಬರಿಗೆ ಬರೆದುಕೊಟ್ಟಿದ್ದೇನೆ. ತಮಾಷೆಗಲ್ಲ. ಪರೀಕ್ಷೆಯ ಎರಡು ವಾರ ಪರದೆಯ ಹಿಂದೆ ಇಡೀ ಡಿಪೋದ ಗೆರೆಗಳನ್ನು ನೋಡಿದ್ದೆ. ಎಲ್ಲರಿಗಿಂತ ಕೆಂಪು ಗೆರೆ ಎಲ್ಲರಿಗಿಂತ ಹೆಚ್ಚು ನಗುವವನದು. ನಿರಾಳ ಕೋಣೆಯಲ್ಲಿ ಕೂತು ಕಾರಣ ಹೇಳಬೇಕಾಗುತ್ತದೆ ಎಂದು ಹೆದರಿ, ಭಾನುವಾರ ಎಲ್ಲರಿಗಿಂತ ಹಸಿರು ಪಟ್ಟಿಯನ್ನು ಹುಡುಕಿ ನನ್ನದರ ಜೊತೆ ಬದಲಿಸಿದೆ. ಹಾಲಮ್ಮಕ್ಕನ ಗೆರೆ ಕೆಂಪಾದರೆ ಯಂತ್ರವೇ ಕೆಟ್ಟಿದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರೂ ಅನ್ನಲಿಲ್ಲ. ಜನ ಇಪ್ಪತ್ತೊಂಬತ್ತು ವರ್ಷ ನೋಡಿದ ಹೆಂಗಸನ್ನು ಬಿಟ್ಟು ಎರಡು ವಾರ ನೋಡಿದ ಯಂತ್ರವನ್ನು ನಂಬಿದರು. ಬುಧವಾರ ಎರಡನೆಯ ದಾಖಲೆಯಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ಸೇತುವೆಯ ಮೇಲೆಯೇ ಪಟ್ಟಿ ಅದಲುಬದಲಾಯಿತು. ಮೇಡಂ ಎರಡೂ ದಾಖಲೆಗಳನ್ನು ಹಾಲಮ್ಮಕ್ಕನ ಹೆಸರಿನಿಂದ ತೆಗೆದು ನನ್ನ ಹೆಸರಿಗೆ ಹಾಕಿದರು. ಬಸ್ಸು ರಾಣೆಬೆನ್ನೂರಿಗೇ ಹೋಗುವುದಲ್ಲವೇ, ಹೋಯಿತು. ನಿಲ್ದಾಣದಲ್ಲಿ ಹಾಲಮ್ಮಕ್ಕ ಬಾಗಿಲು ತೆರೆದು, "ಇಳಿ. ಒಂದೂವರಿಗೆ ವಾಪಸ್ ಹೊರಡ್ತೀನಿ. ಯಾರ ದನೀನೂ ಮಾಡಬ್ಯಾಡ, ನಿಂದು ಒಂದೈತಲ್ಲ, ಅದರಾಗೆ ಮಾತಾಡು," ಎಂದಳು.

ಅಂಗಡಿಯ ಮುಂದೆ ನಿಂತೆ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದರು, ಕುತ್ತಿಗೆಯಲ್ಲಿ ಟೇಪು. ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಅಂಗಿ ನೋಡಿದರು, ಬೆರಳುಗಳನ್ನು ಮುಚ್ಚಿದ್ದ ತೋಳು ನೋಡಿದರು.

"ಅಪ್ಪಾ, ತಪ್ಪಾತು," ಎಂದೆ. ದನಿ ನನ್ನದೇ. ಅಷ್ಟು ಸಣ್ಣದಿದೆ ಎಂದು ಗೊತ್ತಿರಲಿಲ್ಲ.

"ಯಾವನು ಹೊಲಿದದ್ದು ಇದನ್ನ?" ಎಂದರು. "ತೋಳು ಎರಡಿಂಚು ಉದ್ದ ಐತಿ. ಬಿಚ್ಚಿ ಕೊಡು."

ಬನಿಯನ್ನಿನಲ್ಲಿ ಕೂತೆ. ಅವರು ತೋಳು ಮಡಿಚಿ ಹೊಲಿದರು. ಸಂಜೆ ಡಿಪೋದಲ್ಲಿ ನೋಡಿದರೆ ನನ್ನ ಗೆರೆ ಹನ್ನೆರಡು ಹತ್ತರಿಂದ ಆರು ನಿಮಿಷ ಕೆಂಪಗಿತ್ತು. ಮೂರನೆಯ ದಾಖಲೆ, ಎಂದರೆ ನಿರಾಳ ಕೋಣೆ. ಅಳಿಸುವುದು ನನಗೆ ಬರುತ್ತದೆ. ಅಳಿಸಿಲ್ಲ.