ಬಣ್ಣದ ಹರಳಿಗೊಂದು ಅಭಿಪ್ರಾಯ

ಗ್ರಂಥಾಲಯದ ಬಾಗಿಲಿಗೆ ಹಾಕಿದ ಕೀಲಿ ಹಾಕಿದಂತೆಯೇ ಇತ್ತು. ಕಿಟಕಿಯ ಸರಳು ಬಗ್ಗಿರಲಿಲ್ಲ. ಒಳಗೆ ಪುಸ್ತಕಗಳು ಇದ್ದಲ್ಲೇ ಇದ್ದವು. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮಾತ್ರ ಇರಲಿಲ್ಲ. ಅದರ ಚಾರ್ಜರೂ ಇರಲಿಲ್ಲ.

ರೂಪಾ ಆ ಖಾಲಿ ಮೇಜನ್ನು ನೋಡುತ್ತ ನಿಂತಿದ್ದಳು. ಯಲಬುರ್ಗಾ ತಾಲ್ಲೂಕಿನ ಈ ಹಳ್ಳಿಯ ಪಂಚಾಯಿತಿ ಗ್ರಂಥಾಲಯಕ್ಕೆ ಅವಳೇ ಮೇಲ್ವಿಚಾರಕಿ. ಕುಷ್ಟಗಿಯಿಂದ ದಿನಾ ಬಸ್ಸಿಗೆ ಬಂದು ಬಾಗಿಲು ತೆರೆಯಬೇಕಾದವಳು ಅವಳು, ಮುಚ್ಚಬೇಕಾದವಳೂ ಅವಳು. ಗಂಡ ತೀರಿದ ಮೇಲೆ ಸಿಕ್ಕ ಕೆಲಸ. ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಹೆಡ್ ಕಾನ್‌ಸ್ಟೇಬಲ್ ಗೋವಿಂದರಾಜ ಬೈಕು ನಿಲ್ಲಿಸಿ ಒಳಗೆ ಬಂದ. ಬರುವಾಗಲೇ ಸಿಟ್ಟಿನಲ್ಲಿದ್ದ. ಅವನ ಸಿಟ್ಟಿಗೆ ಕಾರಣ ಬೇಕಿರಲಿಲ್ಲ, ಬಿಸಿಲು ಸಾಕಿತ್ತು.

“ಕೀಲಿಕೈ ಎಷ್ಟು ಅದಾವ?”

“ಒಂದ ರೀ.”

“ಯಾರ ಹತ್ರ ಇರ್ತೈತಿ?”

“ನನ್ನ ಹತ್ರನ ರೀ.” ಅವಳು ನೆಲ ನೋಡುತ್ತ ಹೇಳಿದಳು.

“ಹಂಗಾರ ಮಷೀನಿಗೆ ಕಾಲು ಬಂದು ನಡಕೊಂಡು ಹೋತೇನು?”

ಹಿಂದೆ ನಿಂತಿದ್ದ ವಿರುಪಣ್ಣ ಮೆಲ್ಲಗೆ ಮುಂದೆ ಬಂದ. ಪಂಚಾಯಿತಿ ಸದಸ್ಯ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಕಳವಿನ ದೂರು ಕೊಟ್ಟವನೂ ಅವನೇ.

“ಹೆಣ್ಮಗಳು, ಬೈಬ್ಯಾಡ್ರಿ ದಫೇದಾರ್ರ. ಕೊಪ್ಪಳದ ಮದಾರಸಾಬ ಅಂತ ಒಬ್ಬಾಂವ ಮೊನ್ನೆ ಈ ಮಷೀನ್ ರಿಪೇರಿ ಮಾಡಿ ಹೋಗ್ಯಾನ. ಅವನ್ನ ಒಂಚೂರು ವಿಚಾರಸ್ರಿ. ಸೋಮವಾರ ನಮ್ಮ ಸಭೆ ಐತಿ. ಅಷ್ಟರಾಗ ಸಿಗಲಿಲ್ಲಂದ್ರ ಈಕೀನ್ನ ಕೆಲಸದಿಂದ ತಗೀಬೇಕಾಗ್ತೈತಿ. ನಮ್ಮ ಕೈಯಾಗ ಏನೂ ಇಲ್ಲ.”

ರೂಪಾ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಮದಾರಸಾಬನ ಅಂಗಡಿ ಕೊಪ್ಪಳದ ಬಸ್ ನಿಲ್ದಾಣದ ಹಿಂದೆ. ಗೋವಿಂದರಾಜ ಹೋದವನೇ ಅಂಗಡಿಯನ್ನೆಲ್ಲ ಕೆದರಿ ಹಾಕಿದ. ಹಳೆಯ ಟಿವಿ, ಕೀಲು ಮುರಿದ ಲ್ಯಾಪ್‌ಟಾಪು, ವೈರಿನ ಗಂಟು. ಪಂಚಾಯಿತಿಯದು ಇರಲಿಲ್ಲ.

“ಎಲ್ಲಿ ಇಟ್ಟೀ ಹೇಳು.”

“ಸಾಹೇಬ್ರ, ಕದಿಯೂದಾದ್ರ ಛಲೋದು ಕದೀತೀನಿ” ಎಂದ ಮದಾರಸಾಬ. “ಅದರ ಬ್ಯಾಟರಿ ಸತ್ತೈತಿ. ವೈರು ಚುಚ್ಚಿದ್ರ ನಡೀತೈತಿ, ತೆಗದ್ರ ಅಲ್ಲೇ ಮಲಗತೈತಿ. ಹೊಸಾದು ಹಾಕಸ್ರಿ ಅಂದೆ. ಪಂಚಾಯತಿಯವ್ರು ಆಮ್ಯಾಲ ಅಂದ್ರು. ಅಂಥಾದ್ದನ್ನ ಯಾರು ತಗೋತಾರ?”

ಗೋವಿಂದರಾಜ ಕೆದರಿದ್ದನ್ನು ಹಾಗೇ ಬಿಟ್ಟು ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ಬಿದ್ದಿದ್ದ ಒಂದು ಟಿವಿಯನ್ನು ಎತ್ತಿ ಮೇಲಿಟ್ಟ.

*

ಮರುದಿನ ಠಾಣೆಗೆ ಬಂದರೆ ಮಹಿಳಾ ಕಾನ್‌ಸ್ಟೇಬಲ್ ನಿಶಾತ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದಳು. ಪರದೆಯ ತುಂಬ ಬಣ್ಣದ ಹರಳು.

“ಸರಕಾರ ಪಗಾರ ಇದಕ್ಕ ಕೊಡ್ತೈತೇನವಾ?”

“ತನಿಖಿ ರೀ ಸರ್” ಎಂದಳು ನಿಶಾತ, ಕೈ ಬಿಡದೆ. “ಆ ಗ್ರಂಥಾಲಯದಾಗ ಹೆಣ್ಮಕ್ಕಳು ಇದನ್ನ ಆಡತಿದ್ರಂತ. ‘ಬಣ್ಣದ ಹರಳು’ ಅಂತ ಹೆಸರು. ಒಂದ ಬಣ್ಣದ್ದು ಮೂರು ಕೂಡಿಸಿದ್ರ ಒಡೀತಾವ. ನೀವೂ ಆಡಿ ನೋಡ್ರಿ.”

ಗೋವಿಂದರಾಜ ಕುಳಿತ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಮೊದಲು ಮಗುವಿನ ಆಟ ಅನ್ನಿಸಿತು. ಮುಂದೆ ಹೋದಂತೆ ಹರಳಿಗೆ ಸರಪಳಿ ಬಿತ್ತು. ಹಳದಿ ಯಾವುದು, ಕೇಸರಿ ಯಾವುದು ತಿಳಿಯಲಿಲ್ಲ. ಎಲ್ಲಿ ಸರಿಸಿದರೂ ಹರಳು ತಿರುಗಿ ತನ್ನ ಜಾಗಕ್ಕೇ ಬಂದು ಕೂರುತ್ತಿತ್ತು. ಮೌಸನ್ನು ಮೇಜಿಗೆ ಕುಕ್ಕಿದ.

“ಇದನ್ನ ಮಾಡಿದಾವ ಯಾರು? ಎರಡೂ ಬಣ್ಣ ಒಂದ ಥರ ಅದಾವ.”

“ಅದನ್ನ ಕೆಳಗ ಬರೀರಿ. ಆಡಿದವ್ರು ಅಭಿಪ್ರಾಯ ಬರ್ಯಾಕ ಜಾಗ ಐತಿ. ರೂಪಾ ಊರ ಹೆಣ್ಮಕ್ಕಳ ಕಡಿಂದನೂ ಹೇಳಿಸ್ಯಾಳ. ಕನ್ನಡ ಒತ್ತಾಕ ಬರೂದಿಲ್ಲಂತ ಮೈಕ್ ಹಚ್ಚಿ ಮಾತಾಡ್ತಾರ, ಅದ ಅಕ್ಷರ ಆಗತೈತಿ. ಆ ಲ್ಯಾಪ್‌ಟಾಪಿನಿಂದ ಕಳಿಸಿದ್ದಕ್ಕೆಲ್ಲಾ ಗ್ರಂಥಾಲಯದ ಹೆಸರ ಬರತೈತಿ.” ನಿಶಾತ ಪರದೆಯನ್ನು ಕೆಳಗೆ ಸರಿಸಿದಳು. “ಈಗ ಇದನ್ನ ನೋಡ್ರಿ. ಗ್ರಂಥಾಲಯದ ಹೆಸರಿನಾಗನ ಐತಿ. ಬರೆದದ್ದು ನಿನ್ನೆ. ಕಳವಾದ ಮ್ಯಾಲ.”

ಗೋವಿಂದರಾಜ ಕನ್ನಡಕ ಹಾಕಿಕೊಂಡು ಓದಿದ.

‘ಆಟ ಭಾಳ ಛಲೋ ಐತಿ ತಲಿ ಕೆಟ್ಟಾಗ ಆಡಾಕ ಬೇಷ್ ಹಳದಿ ಕೇಸರಿ ಒಂದ ಥರ ಕಾಣ್ತಾವ ಅದನ್ನ ಸರಿ ಮಾಡ್ರಿ ಸರಪಳಿ ಹರಳು ಕಡಿಮಿ ಮಾಡ್ರಿ ಏ ಯವ್ವಾ ನಿನ್ನ ಖಾರ ಆಮ್ಯಾಲ ಮೊದ್ಲ ನನ್ನ ಜ್ವಾಳ ಹಾಕಾಕ ಹೇಳು ಖಾರದ ಮ್ಯಾಲ ಹಾಕಿದ್ರ ಆ ರೊಟ್ಟಿ ಯಾರ ತಿಂತಾರ ಲೈನ್ ಬರ್ಲಿ ತಡಿಯವ್ವಾ’

“ಮೊದಲರ್ಧ ಆಟದ್ದು” ಎಂದ.

“ಹೌದ್ರಿ. ಮಾತು ಮುಗಿಸಿ ಮೈಕ್ ಬಂದ್ ಮಾಡೂದು ಮರ್ತಾರ. ಆಜುಬಾಜು ಮಂದಿ ಆಡಿದ್ದೂ ಸೇರಿ ಹೋಗೈತಿ. ತಿರುಗಿ ಓದಿಲ್ಲ, ಹಂಗ ಕಳಿಸ್ಯಾರ.”

*

ಊರಲ್ಲಿ ಎರಡು ಗಿರಣಿ. ಬಸ್ ನಿಲ್ದಾಣದ ಗಿರಣಿಯಲ್ಲಿ ಖಾರಕ್ಕೇ ಬೇರೆ ಮಷೀನು ಇತ್ತು. ಅಲ್ಲಿ ಯಾರ ಜೋಳಕ್ಕೂ ಯಾರ ಮೆಣಸಿನಕಾಯಿಯೂ ತಾಗುವಂತಿರಲಿಲ್ಲ. ಗೋವಿಂದರಾಜ ಒಳಗೂ ಹೋಗದೆ ಬೈಕು ತಿರುಗಿಸಿದ.

ಇನ್ನೊಂದು ವಿರುಪಣ್ಣನದು. ಒಂದೇ ಕಲ್ಲು. ಜೋಳವೂ ಅದರಲ್ಲೇ, ಗೋಧಿಯೂ ಅದರಲ್ಲೇ, ಖಾರವೂ ಅದರಲ್ಲೇ. ಗಿರಣಿ ನಿಂತಿತ್ತು. ಕಾಳು ತುಂಬಿದ ಪುಟ್ಟಿಗಳು ಸಾಲಾಗಿ ಕೂತಿದ್ದವು, ಹಿಂದೆ ಹೆಂಗಸರು. ಮುಂದಿನ ಪುಟ್ಟಿ ಕರಿಯವ್ವನದು.

“ಯಾಕ ಯವ್ವಾ, ಕರೆಂಟ್ ಇಲ್ಲೇನು?”

“ಮನಿಗೆ ಐತಿ, ಗಿರಣಿಗಿಲ್ಲ ನೋಡಪಾ. ಮೂರು ಫೇಸ್ ತಗದಾರ. ಅದು ಬರೂಮಟ ನಮ್ಮ ಬಾಯಿ ನಡೀಬೇಕು.”

ಗಿರಣಿಯ ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ. ಅದರಾಚೆ ವಿರುಪಣ್ಣನ ಮನೆ. ಕಿಟಕಿಯೊಳಗೆ ಫ್ಯಾನು ತಿರುಗುತ್ತಿತ್ತು.

“ಖಾರದ ಮ್ಯಾಲ ಜ್ವಾಳ ಹಾಕ್ತಾರೇನು ಇಲ್ಲಿ?”

“ಹಾಕ್ತಾರ. ನಿನ್ನೆನ ಅದಕ್ಕ ಜಗಳಾಡೀನಿ. ಆ ರೊಟ್ಟಿ ನೀ ತಿಂತೀ?”

ಗೋವಿಂದರಾಜ ನಗಲಿಲ್ಲ. ಅವನ ಕಣ್ಣು ಬಾಗಿಲ ಪಕ್ಕದ ಮೊಳೆಗಳ ಮೇಲಿತ್ತು. ಒಂದೊಂದರ ಮೇಲೆ ಒಂದೊಂದು ಕೀಲಿಕೈ.

“ಇವು ಯಾರವು?”

“ಊರವು. ಅದು ಸಾಲಿದು, ಇದು ಗುಡಿದು. ಹೊಲಕ್ಕ ಹೋಗವ್ರು ಮನಿದೂ ಇಟ್ಟು ಹೋಗ್ತಾರ. ಗಿರಣ್ಯಾಗ ಯಾವಾಗ್ಲೂ ಮಂದಿ ಇರ್ತಾರಲ್ಲಪಾ.”

“ಆ ಖಾಲಿ ಮೊಳಿ?”

“ಗ್ರಂಥಾಲಯದ್ದು. ರೂಪಾನ ಬಸ್ಸು ಒಮ್ಮೊಮ್ಮೆ ಭಾಳ ತಡಾ. ನಾವ ಬಾಗಿಲಾ ತಗದು ಕುಂಡ್ರತಿದ್ವಿ. ಕಳವಾದಾಗಿಂದ ತೂಗಹಾಕಿಲ್ಲ ಪಾಪ.”

*

ರೂಪಾ ಗ್ರಂಥಾಲಯದ ಕಟ್ಟೆಯ ಮೇಲೆ ಕೂತಿದ್ದಳು. ಗೋವಿಂದರಾಜ ಎದುರಿಗೆ ನಿಂತ.

“ಯಾಕ ಸುಳ್ಳು ಹೇಳಿದೆವಾ?”

ಯಾವ ಸುಳ್ಳು ಎಂದು ಅವಳು ಕೇಳಲಿಲ್ಲ. “ಕೀಲಿಕೈ ಯಾರ ಕೈಗೂ ಕೊಡಬಾರದು, ಕೊಟ್ರ ಕೆಲಸದಿಂದ ತಗೀತೀವಿ ಅಂತ ಪಂಚಾಯತಿಯಾಗ ಬರಸಿಕೊಂಡಾರ ರೀ. ಬಾಗಿಲಾ ತಡಾ ಆದ್ರ ಹೆಣ್ಮಕ್ಕಳು ತಿರುಗಿ ಹೋಗ್ತಿದ್ರು. ಅದಕ್ಕ ಗಿರಣ್ಯಾಗ ಹಾಕಿದೆ.”

“ಕದ್ದಾಂವ ಯಾರಂತ ತಿಳದೈತಿ. ಆದ್ರ ಅವ ಒಳಗ ಹೆಂಗ ಹೋದ ಅಂತ ನಾ ಹೇಳಬೇಕು. ಹೇಳಿದ್ರ ನಿನ್ನ ತಗೀತಾರ.”

“ಹೇಳಲಿಲ್ಲಂದ್ರ?”

“ಹೇಳಲಿಲ್ಲಂದ್ರೂ ತಗೀತಾರ. ಕಳ್ಳಿ ಅಂತ.”

ಗೋವಿಂದರಾಜನಿಗೆ ಯಾರಿಗಾದರೂ ಬೈಯಬೇಕೆನಿಸಿತು. ಎದುರಿಗಿದ್ದವಳು ಇವಳೊಬ್ಬಳೇ.

“ಕಳ್ಳಿ ಅನಿಸಿಕೊಂಡು ಹೋಗೂದಿಲ್ಲ ರೀ” ಎಂದಳು ರೂಪಾ. “ಕೀಲಿಕೈ ಕೊಟ್ಟಾಕಿ ಅಂತ ಹೋಗ್ತೀನಿ. ಹೇಳ್ರಿ.”

*

ಸೋಮವಾರದ ಸಭೆಯಲ್ಲಿ ಗೋವಿಂದರಾಜ ಆ ಅಭಿಪ್ರಾಯವನ್ನು ಗಟ್ಟಿಯಾಗಿ ಓದಿದ. ರೊಟ್ಟಿಯ ಮಾತಿಗೆ ಜನ ನಕ್ಕರು. ವಿರುಪಣ್ಣನೂ ನಕ್ಕ.

“ನಗ್ರಿ” ಎಂದ ಗೋವಿಂದರಾಜ. “ಆ ಮಷೀನಿನ ಬ್ಯಾಟರಿ ಸತ್ತೈತಿ. ಕರೆಂಟ್ ಇದ್ರ ಅಷ್ಟ ನಡೀತೈತಿ. ಅದು ನಡೀತಿರುವಾಗ ಬಾಜುಕ ಒಬ್ಬಾಕಿ ‘ಲೈನ್ ಬರ್ಲಿ’ ಅಂತಾಳ. ಮನಿಗೆ ಕರೆಂಟ್ ಐತಿ, ಮೂರು ಫೇಸ್ ಇಲ್ಲ. ಗಿರಣಿ ನಿಂತೈತಿ. ಅದಕ್ಕ ಮಾತು ಸ್ವಚ್ಛ ಕೇಳ್ಯಾವ. ಖಾರಕ್ಕೂ ಜ್ವಾಳಕ್ಕೂ ಜಗಳ ಆಗೂದು ಒಂದ ಕಲ್ಲಿನ ಗಿರಣ್ಯಾಗ. ಅಂಥಾ ಗಿರಣಿ ಊರಾಗ ಒಂದ. ಅದಕ್ಕ ಹತ್ತಿದ ಮನೀನೂ ಒಂದ. ಗ್ರಂಥಾಲಯದ ಕೀಲಿಕೈ ತೂಗಾಡ್ತಿದ್ದದ್ದೂ ಅಲ್ಲೇ. ಸಂಜಿಗೆ ಮೊಳಿಯಿಂದ ತಗದ್ರು, ಮಷೀನ್ ಒಯ್ದ್ರು, ಕೀಲಿ ಹಾಕಿ ತಿರುಗಿ ಮೊಳಿಗೆ ಹಾಕಿದ್ರು. ಮುಂಜಾನೆ ರೂಪಾ ಎಂದಿನಂಗ ತಗೊಂಡ್ಳು.”

ಆಗ ಬಾಗಿಲಲ್ಲಿ ನಿಶಾತ ಕಾಣಿಸಿದಳು. ಕೈಯಲ್ಲಿ ಲ್ಯಾಪ್‌ಟಾಪು. ಠಾಣೆಯ ಸಾಹೇಬರು ಅಷ್ಟರಲ್ಲಿ ವಿರುಪಣ್ಣನ ಮನೆ ಶೋಧ ಮಾಡಿದ್ದರು. ನಿಶಾತಳ ಹಿಂದೆ ವಿರುಪಣ್ಣನ ಸೊಸೆ ಅಮೃತಾ, ಸೆರಗು ಬಾಯಿಗೆ ಹಿಡಿದು.

“ಮಾವಾರ ತಂದು ಕೊಟ್ರು” ಎಂದಳು ಅಮೃತಾ. “ರೂಪಕ್ಕ ಕೆಲಸಾ ಬಿಡ್ತಾಳ, ಮುಂದ ನಿನ್ನ ಹೆಸರ ಹಾಕಸ್ತೀನಿ, ಕಲಕೋ ಅಂದ್ರು. ಕಳವಿನ ಸುದ್ದಿ ನನಗ ಯಾರೂ ಹೇಳಿಲ್ಲ. ಬ್ಯಾಸರಕ್ಕ ಆಟಾ ಆಡಿದೆ.”

ವಿರುಪಣ್ಣ ಎದ್ದು ಅಂಗಿ ಸರಿಮಾಡಿಕೊಂಡ.

“ತಂದದ್ದು ಖರೆ. ಕೀಲಿಕೈ ಯಾರು ಬೇಕಾದವ್ರ ಕೈಗೆ ಸಿಗೂ ಹಂಗಿತ್ತು. ಸರಕಾರಿ ಸಾಮಾನು, ಜ್ವಾಪಾನ ಮಾಡಿ ಇಟ್ಟೀನಿ.”

“ಜ್ವಾಪಾನ ಮಾಡಿದಾಂವ ಕಳವಿನ ದೂರಿಗೆ ಸಹಿ ಯಾಕ ಹಾಕಿದಿ?” ಗೋವಿಂದರಾಜನ ದನಿಗೆ ಕಿಟಕಿ ಅದುರಿತು.

“ಅದನ್ನ ಕೋರ್ಟಿನಾಗ ಹೇಳ್ತೀನಿ. ನೀವು ಮೊದ್ಲ ಆಕೀನ್ನ ಕೇಳ್ರಿ, ಕೀಲಿಕೈ ಕೊಟ್ಟಿದ್ದು ಖರೆನೋ ಸುಳ್ಳೋ.”

ಎಲ್ಲರೂ ರೂಪಾಳತ್ತ ತಿರುಗಿದರು.

“ಖರೆ ರೀ” ಎಂದಳು.

ಪಂಚಾಯಿತಿಯ ಅಧಿಕಾರಿ ಪಿಡಿಒ, ರೂಪಾಳನ್ನು ತೆಗೆಯುವ ಆರ್ಡರ್ ಬರೆಯಲು ಪೆನ್ನು ಹಿಡಿದರು. ನಿಯಮ ನಿಯಮವೇ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಹಿಂದಿನಿಂದ ಕರಿಯವ್ವ ಏನೋ ಹೇಳಲು ಎದ್ದಳು. ಸಭೆ ಮುಗಿಯಿತು ಅಂದರು.

*

ವಿರುಪಣ್ಣನಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಅವನು ಚಹಾ ಕುಡಿದು ಹೋದ. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿದರು. ಕೇಸು ಮುಗಿಯುವವರೆಗೆ ಅದು ಮುದ್ದೆಮಾಲು, ಠಾಣೆಯಿಂದ ಆಚೆ ಹೋಗುವಂತಿಲ್ಲ. ಊರಿನ ಹೆಂಗಸರ ಆಟ ಅಲ್ಲಿಗೆ ನಿಂತಿತು.

ರೂಪಾಳ ಹೇಳಿಕೆ ಬರೆದುಕೊಳ್ಳುವುದು ಉಳಿದಿತ್ತು. ಗೋವಿಂದರಾಜ ಹಾಳೆ ಎಳೆದುಕೊಂಡ. ಹೆಸರು ಬರೆದ. ವಯಸ್ಸು ಬರೆದ. ಮುಂದಿನದನ್ನು ರೂಢಿಯಂತೆ ಕೇಳಿಬಿಟ್ಟ.

“ಉದ್ಯೋಗ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪೆನ್ನು ಹಾಳೆಯ ಮೇಲೆಯೇ ನಿಂತಿತು.

“ಗ್ರಂಥಾಲಯ ಮೇಲ್ವಿಚಾರಕಿ ಅಂತ ಬರೀರಿ ಸರ್” ಎಂದಳು ರೂಪಾ. “ಆರ್ಡರ್ ಇನ್ನಾ ನನ್ನ ಕೈಗೆ ಬಂದಿಲ್ಲ.”

ಅವನು ಬೇಗ ಬೇಗ ಬರೆದ. ಹೊರಗೆ ಪಂಚಾಯಿತಿ ಜವಾನನ ಬೈಕು ಬಂದು ನಿಂತ ಸದ್ದಾಯಿತು.