ಹತ್ತು ಸಾವಿರ ಅಡಿಯ ಮೇಲಿನ ಜಗಳ

"ಇಡೀ ಕಂಪನಿಯಲ್ಲಿ ಇವರೊಬ್ಬರೇ ಸಿಕ್ಕಿದ್ದಾ ನಿಮಗೆ?"

ಕೋ-ಪೈಲಟ್ ಹುಡುಗಿಯ ಈ ಪ್ರಶ್ನೆಗೆ ಜೋಡಿ ಮಾಮ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಯಾವ ವಿಮಾನಕ್ಕೆ ಯಾವ ಇಬ್ಬರು ಪೈಲಟ್‌ಗಳು ಎಂದು ಗಂಟು ಹಾಕುವುದೇ ಅವರ ಕೆಲಸ, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷದಲ್ಲಿ ಸಾವಿರಾರು ಗಂಟು ಹಾಕಿದವರಿಗೆ ನಿಜವಾದ ತಲೆನೋವು ತಂದದ್ದು ಈ ಒಂದು ಜೋಡಿ ಮಾತ್ರ.

ಕಂಪನಿಯಲ್ಲೊಂದು ಪಟ್ಟಿ ಇತ್ತು. ಇಂಥವರ ಜೊತೆ ನನ್ನನ್ನು ಹಾಕಬೇಡಿ ಎಂದು ಪೈಲಟ್‌ಗಳು ಬರೆದುಕೊಡಬಹುದು, ಕಾರಣ ಹೇಳಬೇಕಾಗಿಲ್ಲ. ಹೋದ ವರ್ಷ ಅವಳು ಹಲ್ಲು ಕಚ್ಚಿಕೊಂಡು, ಈಗ ಜೋಡಿಯಾಗಿ ಸಿಕ್ಕಿರುವ ಇದೇ ಕ್ಯಾಪ್ಟನ್ ಹೆಸರು ಬರೆದುಕೊಡಲು ಬಂದಾಗ ಮಾಮ ಬಾಯಿ ಜಾರಿ ಹೇಳಿಬಿಟ್ಟಿದ್ದರು: "ಅವರು ಮೊನ್ನೆನೇ ನಿನ್ನ ಹೆಸರು ಕೊಟ್ಟಾಯ್ತು ಕಣಮ್ಮ." ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಬಿಟ್ಟು ಹೋಗುವುದರಲ್ಲೂ ಅವನೇ ಮೊದಲು!

"ಬರಬೇಕಾದ ಕ್ಯಾಪ್ಟನ್ ವಾಂತಿ ಮಾಡ್ಕೊಂಡು ಮಲಗಿದಾರೆ. ಮಿಕ್ಕವರ ಡ್ಯೂಟಿ ಗಂಟೆ ಮುಗಿದಿದೆ," ಎಂದರು ಮಾಮ. "ಇಬ್ಬರು ಪೈಲಟ್ ಇಲ್ದೆ ವಿಮಾನ ಕದಲೋ ಹಾಗಿಲ್ಲ. ನೂರ ಎಪ್ಪತ್ತು ಜನ ಕಾಯ್ತಿದಾರೆ. ಏನು, ಒಬ್ಬಳೇ ಹಾರಿಸ್ತೀಯಾ?"

"ಅವರ ಜೊತೆ ಹೋಗೋದಕ್ಕಿಂತ ಅದೇ ವಾಸಿ."

"ಒಂದು ಕೈಲಿ ಚಪ್ಪಾಳೆ ಆಗಲ್ಲ ಕಣಮ್ಮ. ಹೋಗಿ ಬಾ. ಕೆಳಗೆ ಇಳಿದ್ಮೇಲೆ ಎಷ್ಟು ಬೇಕಾದ್ರೂ ಕಿತ್ತಾಡಿ."

ಬೇರೆ ದಿನವಾಗಿದ್ದರೆ ಅವಳು ಇನ್ನಷ್ಟು ಹಾರಾಡುತ್ತಿದ್ದಳೋ ಏನೋ. ಆದರೆ ಸೋಮವಾರ ಅವಳಿಗೆ ಕ್ಯಾಪ್ಟನ್ ಪರೀಕ್ಷೆ. ಅದಕ್ಕೆ ಮೊದಲು ಫೈಲಿನ ಲೆಕ್ಕಕ್ಕೆ ಸೇರುವ ಕೊನೆಯ ಹಾರಾಟ ಇದು. ಇವತ್ತಿನ ಕ್ಯಾಪ್ಟನ್ ಅವಳ ಫೈಲಿನಲ್ಲಿ ಎರಡು ಸಾಲು ಬರೆಯಬೇಕು. ಹೋದ ವರ್ಷ ಬರೆದದ್ದೂ ಇದೇ ಮಹಾಶಯ: "ಕ್ಯಾಪ್ಟನ್ ಸ್ಥಾನಕ್ಕೆ ಇನ್ನೂ ಸಿದ್ಧರಿಲ್ಲ." ಆ ಒಂದು ಸಾಲಿನಿಂದ ಅವಳ ಒಂದು ವರ್ಷ ಮಣ್ಣುಪಾಲಾಗಿತ್ತು. ಎರಡು ವರ್ಷದ ಪ್ರೀತಿಯೂ ಅದರ ಜೊತೆಗೇ ಹೋಗಿತ್ತು.

ಅವಳು ಕಾಕ್‌ಪಿಟ್‌ಗೆ ಹೋದಾಗ ಅವನು ಎಡಗಡೆಯ ಸೀಟಿನಲ್ಲಿ ಕೂತಾಗಿತ್ತು. ಶರ್ಟಿನ ತೋಳನ್ನು ಮೊದಲಿನ ಹಾಗೆಯೇ ಎರಡು ಮಡಿಕೆ ಮಡಚಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಹೊಸದಾಗಿ ಬಂದಿದ್ದವು. ನೋಡಬಾರದು ಎಂದುಕೊಂಡೇ ಅವಳು ಅಷ್ಟೂ ನೋಡಿದಳು.

"ಗುಡ್ ಮಾರ್ನಿಂಗ್, ಫಸ್ಟ್ ಆಫೀಸರ್."

"ಮಾರ್ನಿಂಗ್, ಕ್ಯಾಪ್ಟನ್." ಗುಡ್ ಅನ್ನುವುದನ್ನು ಬೇಕೆಂದೇ ನುಂಗಿದಳು.

ವಿಮಾನ ಹತ್ತು ಸಾವಿರ ಅಡಿಯ ಕೆಳಗಿರುವಾಗ ಕೆಲಸದ ಮಾತು ಬಿಟ್ಟು ಬೇರೆ ಒಂದು ಅಕ್ಷರವನ್ನೂ ಪೈಲಟ್‌ಗಳು ಆಡಬಾರದು. ಆ ನಿಯಮ ಮಾಡಿದವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು ಅವಳು. ಅವನು ಕೇಳಿದ, ಅವಳು ಉತ್ತರಿಸಿದಳು. ಅವಳು ಚೆಕ್‌ಲಿಸ್ಟ್ ಓದಿದಳು, ಅವನು ಒಂದೊಂದೇ ಸ್ವಿಚ್ ಮುಟ್ಟಿ ನೋಡಿದ. ಒಂದು ವರ್ಷ ಮುಖ ನೋಡದಿದ್ದರೂ ಇಬ್ಬರ ದನಿ ಎಲ್ಲೂ ಎಡವಲಿಲ್ಲ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಹತ್ತು ಸಾವಿರ ದಾಟಿತು," ಎಂದಳು.

"ಈಗ ಮಾತಾಡಬಹುದು," ಎಂದ ಅವನು.

"ಮಾತಾಡೋಕೆ ಏನಿದೆ?" ಎಂದವಳು ಮುಂದಿನ ಇಪ್ಪತ್ತು ನಿಮಿಷ ಬಾಯಿ ಮುಚ್ಚಲಿಲ್ಲ.

"ಎದುರಿಗೆ ಹೇಳೋ ಧೈರ್ಯ ಇರಲಿಲ್ಲ, ಫೈಲಿನಲ್ಲಿ ಬರೆದ್ರಿ. ನಮ್ಮಮ್ಮ ಆವತ್ತು ನಿಮಗೋಸ್ಕರ ಹೊಸ ತಟ್ಟೆ ಲೋಟ ತಂದಿಟ್ಟಿದ್ರು. ಅವರಿಗೆ ಏನಂತ ಹೇಳ್ಲಿ? ಅಳಿಯ ಆಗೋನು ಮಗಳ ಕುತ್ತಿಗೆ ಕುಯ್ದ ಅಂತಲಾ?"

"ಕಾಕ್‌ಪಿಟ್‌ನಲ್ಲಿ ಆಡೋದೆಲ್ಲ ರೆಕಾರ್ಡ್ ಆಗ್ತಿದೆ."

"ಆಗ್ಲಿ ಬಿಡಿ! ಯಾರಾದ್ರೂ ಕೇಳಿ ನ್ಯಾಯ ಹೇಳ್ಲಿ. ನನ್ನ ಕನಸಿಗೆ ಕಲ್ಲು ಹಾಕಿ ನೀವು ಒಂದೂವರೆ ತಿಂಗಳು ರಜಾ ಹಾಕಿದ್ರಿ. ಮಜಾ ಬಂತಾ?"

"ರಜಾ ಅಂತ ಯಾರು ಹೇಳಿದ್ದು ನಿಮಗೆ?"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ಗಗನಸಖಿ ಎರಡು ಟ್ರೇ ಹಿಡಿದು ಬಂದರು. ಇಬ್ಬರು ಪೈಲಟ್‌ಗಳು ಒಂದೇ ಊಟ ಮಾಡುವಂತಿಲ್ಲ. ಒಂದು ಕೆಟ್ಟಿದ್ದರೆ ಇನ್ನೊಬ್ಬರಾದರೂ ನೆಟ್ಟಗಿರಲಿ ಎಂದು. ಆರಿಸುವ ಹಕ್ಕು ಕ್ಯಾಪ್ಟನ್‌ದು.

"ಒಂದರಲ್ಲಿ ಅಣಬೆ, ಇನ್ನೊಂದರಲ್ಲಿ ಆಲೂಗಡ್ಡೆ," ಎಂದರು ಅಕ್ಕ.

"ಅಣಬೆ," ಎಂದ ಅವನು ತಟ್ಟನೆ.

ಅಕ್ಕ ಇಬ್ಬರ ಮುಖವನ್ನೂ ನೋಡಿ, "ಇಲ್ಲೇನು ಇಷ್ಟೊಂದು ಸೆಕೆ?" ಎಂದು ಗೊಣಗಿಕೊಂಡು ಹೊರಗೆ ಹೋದರು.

ಅಣಬೆ ಕಂಡರೆ ಅವಳಿಗಾಗದು. ಅವನಿಗೂ ಆಗದು. ಇಬ್ಬರಿಗೂ ಗೊತ್ತಿದ್ದ ವಿಷಯವೇ.

"ನನ್ನ ಮೇಲೆ ದಯೆ ತೋರಿಸೋದು ಬೇಡ."

"ದಯೆ ಅಲ್ಲ. ಹಸಿವು," ಎಂದು ಅವನು ಒಂದೊಂದೇ ಅಣಬೆಯನ್ನು ಮಾತ್ರೆಯ ಹಾಗೆ ನೀರಿನ ಜೊತೆ ನುಂಗಿದ. ನಗು ಬಂದೀತೆಂದು ಅವಳು ಕಿಟಕಿಯ ಕಡೆ ತಿರುಗಿದಳು. ಸುಡುಗಾಡು ನಗು, ಯಾವಾಗ ಬರಬಾರದೋ ಆಗಲೇ ಬರುತ್ತದೆ.

ಇಳಿಯುವ ಹೊತ್ತಾಯಿತು. ಹನ್ನೆರಡು ಸಾವಿರ ಅಡಿಗೆ ಇಳಿದು ಅಲ್ಲೇ ನಿಲ್ಲಿ ಎಂದು ಕೆಳಗಿನ ಕಂಟ್ರೋಲ್ ಹೇಳಿತು. ಅವಳು "ಹನ್ನೆರಡು ಸಾವಿರ" ಎಂದು ತಿರುಗಿ ಹೇಳಿದಳು. ಎಷ್ಟು ಎತ್ತರಕ್ಕೆ ಇಳಿಯಬೇಕೆಂದು ವಿಮಾನಕ್ಕೆ ಹೇಳುವ ಗುಂಡಿಯನ್ನು ಅವನ ಕೈ ತಿರುಗಿಸಿತು. ಮುಂದಿನ ಪುಟ್ಟ ಪರದೆಯಲ್ಲಿ ಬಿದ್ದ ಅಂಕಿ ಹತ್ತು ಸಾವಿರ.

ಹೋದ ವರ್ಷವೂ ಹೀಗೇ ಆಗಿತ್ತು. ತಪ್ಪು ಅಂಕಿ ಅವಳ ಕಣ್ಣಿಗೆ ಬಿದ್ದಿತ್ತು. ಇವನು ತಪ್ಪುತ್ತಾನಾ, ಏನೋ ಲೆಕ್ಕಾಚಾರ ಇರಬೇಕು ಎಂದುಕೊಂಡು ನಾಲ್ಕು ಸೆಕೆಂಡು ಸುಮ್ಮನಿದ್ದಳು. ಕೊನೆಗೆ ಕೂಗಿ ಎಚ್ಚರಿಸಿದ್ದು ಕೆಳಗಿನ ಕಂಟ್ರೋಲ್‌ನವರು. ಈ ಸಲ ಅವಳು ಕಾಯಲಿಲ್ಲ.

"ಹನ್ನೆರಡು, ಕ್ಯಾಪ್ಟನ್! ಹತ್ತಲ್ಲ! ಕಣ್ಣು ಎಲ್ಲಿಟ್ಟಿದ್ದೀರಿ?"

ಅವನ ಕೈ ಥಟ್ಟನೆ ಹಿಂದಕ್ಕೆ ತಿರುಗಿತು. "ಹನ್ನೆರಡು. ತಪ್ಪು ನನ್ನದು."

ವಿಮಾನ ಹನ್ನೆರಡು ಸಾವಿರದಲ್ಲಿ ನಿಂತಿತು. ಒಂದು ನಿಮಿಷದಲ್ಲಿ ಇನ್ನೊಂದು ವಿಮಾನ ಅವರ ಕೆಳಗೆ ಅಡ್ಡಕ್ಕೆ ಹಾದುಹೋಯಿತು, ಬಾಲದ ಬಣ್ಣ ಕಾಣುವಷ್ಟು ಹತ್ತಿರ. ಇಬ್ಬರೂ ಅದನ್ನೇ ನೋಡುತ್ತ ಕೂತರು.

"ನನ್ನನ್ನ ಪರೀಕ್ಷೆ ಮಾಡಿದ್ರಾ?" ಎಂದಳು.

"ಇಷ್ಟು ಜನರನ್ನ ಬೆನ್ನಿಗೆ ಕೂರಿಸ್ಕೊಂಡು ಯಾರಾದ್ರೂ ಪರೀಕ್ಷೆ ಮಾಡ್ತಾರಾ? ನಾನು ನಿಜವಾಗ್ಲೂ ತಪ್ಪಿದೆ. ಹೋದ ವರ್ಷವೂ ನಿಜವಾಗ್ಲೂ ತಪ್ಪಿದ್ದೆ. ಆವತ್ತು ನೀವು ನೋಡಿಯೂ ಸುಮ್ಮನಿದ್ರಿ. ಯಾಕೆ?"

ಅವಳು ಈ ಉತ್ತರವನ್ನು ಅಮ್ಮನಿಗೂ ಹೇಳಿರಲಿಲ್ಲ. "ನೀವು ತಪ್ಪೋದಿಲ್ಲ ಅಂದ್ಕೊಂಡಿದ್ದೆ."

"ಆವತ್ತು ಇಲ್ಲಿ ಇಬ್ಬರು ಕೂತಿದ್ವಿ. ಪೈಲಟ್ ಮಾತ್ರ ಒಬ್ಬನೇ ಇದ್ದ, ಅವನೂ ತಪ್ಪಿದ್ದ. ಅದನ್ನೇ ಬರೆದೆ. ನಿಮ್ಮ ಬಗ್ಗೆ ಒಂದು ಸಾಲು, ನನ್ನ ಬಗ್ಗೆ ಮೂರು ಪುಟ. ಆ ಒಂದೂವರೆ ತಿಂಗಳು ರಜಾ ಅಲ್ಲ. ನನ್ನನ್ನ ಮತ್ತೆ ಟ್ರೈನಿಂಗ್‌ಗೆ ಕೂರಿಸಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಫೋನ್ ಎತ್ತಿದ್ರಾ?"

ಎತ್ತಿರಲಿಲ್ಲ. ಇನ್ನೂ ಕೆಳಗಿಳಿಯಿರಿ ಎಂದು ಕಂಟ್ರೋಲ್ ಹೇಳಿತು. ಅವಳು ಅಂಕಿಯನ್ನು ಎರಡೆರಡು ಸಲ ನೋಡಿದಳು. ಆದರೂ ಒಂದು ಮುಳ್ಳು ಉಳಿದಿತ್ತು.

"ಆ ಪಟ್ಟಿ? ನನಗಿಂತ ಎರಡು ದಿನ ಮೊದಲೇ ಹೋಗಿ ನನ್ನ ಹೆಸರು ಕೊಟ್ಟಿರಲ್ಲ, ಅದಕ್ಕೇನಂತೀರಿ?"

ಮೊದಲ ಸಲ ಅವನು ತಿರುಗಿ ನೇರ ಅವಳ ಕಣ್ಣು ನೋಡಿದ. "ಯಾಕಂದ್ರೆ ನೀನು ಪಕ್ಕದಲ್ಲಿದ್ರೆ ನಾನು..."

"ಹತ್ತು ಸಾವಿರ," ಎಂದಳು ಅವಳು ಖಡಕ್ಕಾಗಿ. "ಮಾತು ಬಂದ್."

ಅವನು ಬಾಯಿ ಮುಚ್ಚಿದ. ಮುಂದಿನ ಹದಿನೇಳು ನಿಮಿಷ ಚಕ್ರ, ರೆಕ್ಕೆ, ಗಾಳಿ, ರನ್‌ವೇ ಇಷ್ಟೇ ಮಾತು. ಅರ್ಧಕ್ಕೆ ನಿಂತ ಆ ವಾಕ್ಯ ಇಬ್ಬರ ನಡುವೆ ಕೂತು ಕಾಯುತ್ತಿತ್ತು. ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು. ತನ್ನ ಎದೆ ಹೊಡೆದುಕೊಳ್ಳುವ ಸದ್ದೂ ರೆಕಾರ್ಡ್ ಆಗುತ್ತಿದೆಯೇನೋ ಅನ್ನಿಸಿತು. ಆದರೂ ಕರುಣೆ ತೋರಿಸಲಿಲ್ಲ.

ಎಂಜಿನ್ ನಿಂತಿತು. ಜನ ಇಳಿದು ಹೋದರು. ಅವನು ಮೊದಲು ಅವಳ ಫೈಲಿನ ಹಾಳೆ ತೆಗೆದು ಬರೆದು, ಅವಳ ಮುಂದೆ ಇಟ್ಟ: "ನನ್ನ ತಪ್ಪನ್ನು ತಕ್ಷಣ ಹಿಡಿದರು. ದಾಕ್ಷಿಣ್ಯ ನೋಡಲಿಲ್ಲ. ಸಿದ್ಧರಿದ್ದಾರೆ."

ಅವಳು ಎರಡು ಸಲ ಓದಿದಳು. ಕಣ್ಣು ತುಂಬಿತು. ಅದಕ್ಕೂ ಸಿಟ್ಟು ಬಂತು. "ವಾಕ್ಯ ಅರ್ಧಕ್ಕೆ ನಿಂತಿದೆ, ಮುಗಿಸಿ."

"ನೀನು ಪಕ್ಕದಲ್ಲಿದ್ರೆ ನನ್ನ ಅರ್ಧ ಗಮನ ನಿನ್ನ ಮೇಲೇ ಇರುತ್ತೆ. ಬೆಳಿಗ್ಗೆ ನೀನು ಗುಡ್ ನುಂಗಿದ್ದನ್ನ ಇನ್ನೂ ಯೋಚಿಸ್ತಿದೀನಿ. ನಿನ್ನನ್ನ ಅಷ್ಟು ಪ್ರೀತಿಸ್ತೀನಿ. ಅದನ್ನ ಇಟ್ಕೊಂಡು ನಿನ್ನ ಜೊತೆ ಹಾರಬಾರದು ಅಂತ ತೀರ್ಮಾನ ಮಾಡ್ದೆ."

"ತೀರ್ಮಾನ ಮಾಡ್ದೆ!" ಅವಳು ಹಾಳೆಯನ್ನು ಅವನ ಎದೆಗೆ ತಟ್ಟಿದಳು. "ಯಾರ ಜೊತೆ ಹಾರಬೇಕು, ಯಾವಾಗ ಕ್ಯಾಪ್ಟನ್ ಆಗಬೇಕು, ಊಟಕ್ಕೆ ಏನು ತಿನ್ನಬೇಕು, ಎಲ್ಲ ನೀನೇ ತೀರ್ಮಾನ ಮಾಡ್ತೀಯ. ಮೇಲೆ ಇಬ್ಬರು ಬೇಕು ಅಂತ ಮೂರು ಪುಟ ಬರೀತೀಯ. ಕೆಳಗೆ ಮಾತ್ರ ಪೈಲಟ್ ಒಬ್ಬನೇ ಸಾಕಾ?"

ಅವನು ಹಾಳೆಯನ್ನು ಎದೆಯ ಮೇಲೆಯೇ ಹಿಡಿದುಕೊಂಡು ಹೇಳಿದ: "ತಪ್ಪು ನನ್ನದು."

"ಇವತ್ತಿಗೆ ಎರಡಾಯ್ತು," ಎಂದಳು. ಅವನ ತೋಳಿನ ಮಡಿಕೆಯೊಂದು ಬಿಚ್ಚಿಕೊಂಡಿತ್ತು. ಬೈಯುತ್ತಲೇ ಅದನ್ನು ಸರಿಮಾಡಿದಳು. ಕೈ ಅಲ್ಲೇ ಉಳಿಯಿತು.

ಸಿಬ್ಬಂದಿಯ ವ್ಯಾನಿನಲ್ಲಿ ಕೂತಾಗ ಜೋಡಿ ಮಾಮನ ಫೋನು ಬಂತು. "ಬದುಕಿದೀರಾ ಇಬ್ಬರೂ? ನಾಳೆ ವಾಪಸ್ ಬರೋಕೆ ಬೇರೆ ಕ್ಯಾಪ್ಟನ್ ಸಿಕ್ಕಿದಾರೆ. ಕಳಿಸ್ಲಾ?"

"ಕಳಿಸಿ ಮಾಮ. ಇವರ ಜೊತೆ ನಾನು ಹಾರಲ್ಲ. ಪಟ್ಟಿಯಲ್ಲಿ ಹೆಸರು ಹಾಗೇ ಇರ್ಲಿ."

"ಅಯ್ಯೋ, ಅಷ್ಟೊಂದು ಕಿತ್ತಾಡಿದ್ರಾ?"

"ಇನ್ನೂ ಮುಗಿದಿಲ್ಲ. ಮಿಕ್ಕಿದ್ದು ಭಾನುವಾರ, ಅಮ್ಮನ ಮುಂದೆ. ಅಲ್ವಾ?" ಈ ಕೊನೆಯ ಮಾತು ಫೋನಿಗೆ ಹೇಳಿದ್ದಲ್ಲ. ಪಕ್ಕದಲ್ಲಿ ಕೂತವನು ಬೇಗ ಬೇಗ ತಲೆಯಾಡಿಸಿದ.

ಹೋಟೆಲಿನಲ್ಲಿ ಅವನು ಮೆನು ಕೈಗೆತ್ತಿಕೊಂಡವನು ಏನೋ ನೆನಪಾಗಿ ಅದನ್ನು ಮೇಜಿನ ಮಧ್ಯಕ್ಕಿಟ್ಟ. ಇಬ್ಬರೂ ಬಗ್ಗಿ, ತಲೆಗೆ ತಲೆ ತಾಗುವಂತೆ ಓದಿದರು. ಆ ಸಾಲು ಬೇಡ, ಈ ಸಾಲು ಬೇಡ ಎಂದು ಹತ್ತು ನಿಮಿಷ ವಾದ ಮಾಡಿದರು. ಸರ್ವರ್ ಮೂರನೇ ಸಲ ಬಂದು ನಿಂತ.

"ಇಬ್ಬರಿಗೂ ಒಂದೇ ಊಟ ಕೊಡಿ," ಎಂದಳು ಅವಳು. "ಅಣಬೆ ಬೇಡ."